ಐದನೆಯ ದಿನ, ಆರನೆಯ ದಿನ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಅಂದರೆ ಅಮೆರಿಕದವರೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ನಿದ್ದೆ ಕಳೆದುಕೊಂಡ ದಿನ, ಸಿಯಾಟಲ್ ಪಕ್ಕದ ರೆಂಟನ್ ಗುಡ್ಡದ ಮೇಲಿನ ಹೊಸಮನಿಯವರ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆಯನ್ನು ಅಂಟಿಸಲಾಯಿತು. ಈ ಸಂಗತಿಯನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಆ ಬಾಗಿಲಿನ ಮೇಲೆ ಜಾಗ ಸಿಗುವುದು ಸುಲಭದ ಮಾತಾಗಿರಲಿಲ್ಲ. ಕಸದ ಗಾಡಿ ಬರುವ ದಿನಗಳ ಪಟ್ಟಿ, ಹಲ್ಲಿನ ಡಾಕ್ಟರ ಚೀಟಿ, ಬಸವಣ್ಣೆವ್ವನ ಮಾತ್ರೆಗಳ ವೇಳಾಪಟ್ಟಿ, ಈ ಮೂರನ್ನು ಬಿಟ್ಟರೆ ಬೇರೆ ಯಾವ ಕಾಗದಕ್ಕೂ ಅಲ್ಲಿ ಪ್ರವೇಶವಿರಲಿಲ್ಲ. ತೇಜಶ್ರೀಯ ಈಜಿನ ಸರ್ಟಿಫಿಕೇಟು ಎರಡು ವರ್ಷದಿಂದ ಡ್ರಾಯರಿನಲ್ಲೇ ಕಾಯುತ್ತಿತ್ತು. ಹಾಗಾಗಿ ಕಲ್ಮೇಶ ಹಾಳೆಯ ನಾಲ್ಕು ಮೂಲೆಗೂ ಆಯಸ್ಕಾಂತ ಒತ್ತುವಾಗ ಮನೆಯ ಉಳಿದ ನಾಲ್ವರೂ ನಿಂತು ನೋಡಿದರು. ಅವನ ಅಪ್ಪ ಸೋಮಲಿಂಗಪ್ಪನವರು ಕನ್ನಡಕವಿಲ್ಲದೆಯೇ ನೋಡಿದರು.

ಅದು ಜುಲೈ ತಿಂಗಳ ಪ್ರವಾಸದ ಪಟ್ಟಿ. ಒಂಬತ್ತು ದಿನ. ಸಿಯಾಟಲ್‌ನಿಂದ ಕ್ಲೀವ್‌ಲ್ಯಾಂಡಿಗೆ ವಿಮಾನ, ಅಲ್ಲಿಂದ ಏಳು ಸೀಟಿನ ಬಾಡಿಗೆ ವ್ಯಾನು. ಒಹಾಯೊ ಮತ್ತು ಪೆನ್ಸಿಲ್ವೇನಿಯಾದ ಮೂರು ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕುಗಳು. ನಡುವೆ ಎರಡು ದಿನ ಆಮಿಶ್ ಜನರ ಹಳ್ಳಿಗಳು. ಆಮಿಶ್ ಜನ ಕಾರು ಓಡಿಸುವುದಿಲ್ಲ, ಮನೆಗೆ ಕರೆಂಟು ಹಾಕಿಸಿಕೊಳ್ಳುವುದಿಲ್ಲ, ಎಲ್ಲಿಗೆ ಹೋಗುವುದಿದ್ದರೂ ಕುದುರೆ ಗಾಡಿ ಕಟ್ಟುತ್ತಾರೆ. ಪಾರ್ಕುಗಳು ಕಲ್ಮೇಶನ ಹದಿಮೂರು ವರ್ಷದ ಮಗಳು ತೇಜಶ್ರೀಗೆ. ಕುದುರೆ ಗಾಡಿ ಅವನ ತಾಯಿ ಬಸವಣ್ಣೆವ್ವನಿಗೆ. ಒಂಬತ್ತು ದಿನ ಒಲೆ ಹಚ್ಚದೇ ಇರುವುದು ಹೆಂಡತಿ ಸ್ವಪ್ನಾಗೆ. ಕಲ್ಮೇಶ ಫ್ಯಾಕ್ಟೋರಿಯಾದ ಆಫೀಸಿನಲ್ಲಿ ಮೀಟಿಂಗುಗಳ ನಡುವೆ ಮೂರು ವಾರ ಕೂತು ತಯಾರಿಸಿದ ಪಟ್ಟಿ ಅದು. ಭಾನುವಾರದ ಕನ್ನಡ ತರಗತಿಯ ಟೀಚರ್ ವಸಂತಲಕ್ಷ್ಮಿ ‘ಮನೆಯ ವಿಷಯ ಏನಾದರೂ ಕನ್ನಡದಲ್ಲಿ ಬರೆದು ತನ್ನಿ’ ಎಂದಿದ್ದರಿಂದ, ಪಟ್ಟಿಯನ್ನು ಕನ್ನಡಕ್ಕೆ ಇಳಿಸುವ ಕೆಲಸ ತೇಜುವಿನ ಪಾಲಿಗೆ ಬಂದಿತ್ತು.

“ಐದನೇ ದಿನಾ ಅವ್ವಗ ಒಂದು ಸರ್ಪ್ರೈಸ್ ಐತಿ,” ಎಂದ ಕಲ್ಮೇಶ. “ಏನಂತ ಈಗ ಹೇಳಂಗಿಲ್ಲ. ಅಲ್ಲಿ ಹೋದಮ್ಯಾಲೆ ನೋಡ್ರಿ.”

“ನನಗೂ ಹೇಳಂಗಿಲ್ಲೇನು?” ಎಂದರು ಸೋಮಲಿಂಗಪ್ಪನವರು.

“ನಿಮಗ ಹೇಳಿದ್ರ ಅವ್ವಗ ಹೇಳಿದಂಗ, ಅಪ್ಪಾ.”

ಗುಟ್ಟು ಕಾಯುವ ಈ ವ್ಯವಸ್ಥೆ ಸುಮಾರು ನಲವತ್ತು ನಿಮಿಷ ಬಾಳಿತು. ತೇಜು ಅಜ್ಜಿಯ ಪಕ್ಕದಲ್ಲಿ ಸೋಫಾದ ಮೇಲೆ ಕೂತು, ಟ್ಯಾಬ್ಲೆಟ್ಟಿನಲ್ಲಿ ಒಂದು ವಿಡಿಯೋ ಹಾಕಿದಳು. ಹೊಲದ ನಡುವಿನ ರಸ್ತೆ, ಕಪ್ಪು ಗಾಡಿ, ಅದರ ಮುಂದೆ ಕಂದು ಕುದುರೆ, ಗೊರಸಿನ ಸದ್ದು.

“ಟಾಂಗಾ,” ಎಂದಳು ಬಸವಣ್ಣೆವ್ವ.

“ಬಗ್ಗಿ, ಅಜ್ಜಿ. ಯು ಆರ್ ಗೋಯಿಂಗ್ ಟು ರೈಡ್ ಇನ್ ಇಟ್.”

“ನಾ ಹತ್ತೂದು? ಇದರಾಗ?”

“ಯೆಸ್. ಬಟ್ ಡೋಂಟ್ ಟೆಲ್ ಡ್ಯಾಡ್.”

“ನಾ ಯಾಕ ಹೇಳ್ಲಿ,” ಎಂದಳು ಬಸವಣ್ಣೆವ್ವ.

ತೇಜು ಕನ್ನಡವನ್ನು ಪೂರ್ತಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅಜ್ಜಿ ಇಂಗ್ಲಿಷಿನ ಒಂದಕ್ಷರ ಬಾರದೆಯೂ ಕನ್ನಡದಲ್ಲಿ ಮಾತು ಮುಂದುವರಿಸುವವಳು. ಇಬ್ಬರ ನಡುವೆ ಇಂದಿನವರೆಗೆ ತಪ್ಪು ತಿಳಿವಳಿಕೆ ಆದದ್ದಿಲ್ಲ. ಆ ಮನೆಯಲ್ಲಿ ತಪ್ಪು ತಿಳಿವಳಿಕೆ ಆಗುತ್ತಿದ್ದದ್ದು ಓದಿಕೊಂಡವರ ನಡುವೆ.

ಬಸವಣ್ಣೆವ್ವನ ತಂದೆ ಚನ್ನವೀರ ಗದಗ ಸ್ಟೇಷನ್ನಿನಿಂದ ಬೆಟಗೇರಿಗೆ ಟಾಂಗಾ ಹೊಡೆಯುತ್ತಿದ್ದವನು. ಕುದುರೆಯ ಹೆಸರು ಸರದಾರ. ಸಂಜೆ ಟಾಂಗಾ ಮನೆಗೆ ಬಂದಾಗ ಅಂಗೈ ಮೇಲೆ ಬೆಲ್ಲದ ಚೂರು ಇಟ್ಟುಕೊಂಡು ನಿಲ್ಲುವುದು ಹುಡುಗಿ ಬಸವಣ್ಣೆವ್ವನ ಕೆಲಸ. ಇದನ್ನು ಅವಳು ಮದುವೆಯಾಗಿ ನಲವತ್ತೆಂಟು ವರ್ಷದಲ್ಲಿ ಹೆಚ್ಚೆಂದರೆ ಮೂರು ಸಲ ಹೇಳಿರಬಹುದು. ಆದರೆ ಕಳೆದ ವರ್ಷದಿಂದ, ಡಾಕ್ಟರು ಅವಳ ಮರೆವಿಗೆ ಒಂದು ಉದ್ದನೆಯ ಹೆಸರು ಕೊಟ್ಟ ಮೇಲೆ, ಬೆಳಿಗ್ಗೆ ತಿಂದ ಉಪ್ಪಿಟ್ಟು ಮರೆತುಹೋಗುತ್ತಿತ್ತು, ಸರದಾರ ದಿನಾ ಬರುತ್ತಿದ್ದ. ಸೊಸೆಯನ್ನು ಕೆಲವೊಮ್ಮೆ ತನ್ನ ತಂಗಿ ಬೆಟ್ಟಮ್ಮ ಎಂದು ಕರೆಯುತ್ತಿದ್ದಳು. ಸ್ವಪ್ನಾ ಮೊದಮೊದಲು ತಿದ್ದುತ್ತಿದ್ದಳು, ಆಮೇಲೆ ಬಿಟ್ಟಳು. “ಈ ವರ್ಷ ಕರ್ಕೊಂಡು ಹೋಗೋದು ಇದ್ರೆ ಹೋಗಿಬಿಡಿ,” ಎಂದಿದ್ದರು ಡಾಕ್ಟರು. “ಮುಂದಿನ ವರ್ಷ ಇವರಿಗೆ ಎಷ್ಟು ನೆನಪಿರುತ್ತೆ ಅಂತ ನಾನು ಹೇಳೋಕಾಗಲ್ಲ.” ಪ್ರವಾಸದ ಮೂಲ ಇದು. ಪಾರ್ಕುಗಳು ಆಮೇಲೆ ಸೇರಿದವು.

ಆ ಸಂಜೆಯೇ ಬಸವಣ್ಣೆವ್ವ ಡಬ್ಬಿಯಿಂದ ಒಂದು ಬೆಲ್ಲದ ಚೂರು ತೆಗೆದು ಸ್ವೆಟರಿನ ಜೇಬಿನಲ್ಲಿಟ್ಟುಕೊಂಡಳು.

ಸೋಮವಾರ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ, ಸೋಮಲಿಂಗಪ್ಪನವರು ಕನ್ನಡಕ ಹಾಕಿಕೊಂಡು ಫ್ರಿಜ್ಜಿನ ಮುಂದೆ ನಿಂತರು. ಗದಗಿನ ಹೈಸ್ಕೂಲಿನಲ್ಲಿ ಮೂವತ್ನಾಲ್ಕು ವರ್ಷ ಕನ್ನಡ ಕಲಿಸಿದ ಮನುಷ್ಯ, ಮೊಮ್ಮಗಳ ಕೈಬರಹವನ್ನು ಪ್ರೀತಿಯಿಂದಲೇ ಓದಲು ಶುರುಮಾಡಿದರು. ನಾಲ್ಕನೆಯ ದಿನದವರೆಗೆ ಏನೂ ತೊಂದರೆಯಿರಲಿಲ್ಲ.

‘ದಿನ ೫: ಆಮಿಷ ಊರು. ಆಮಿಷ ಮನೆಯಲ್ಲಿ ಊಟ. ಅಜ್ಜಿಗೆ ಸರ್ಪ್ರೈಸ್. ದಿನ ೬: ಆಮಿಷ ಸಂತೆ.’

ಪೇಪರಿನವರ ಕೈಯಲ್ಲಿ ‘ಆಮಿಷ’ ಎಂದರೆ ಚುನಾವಣೆಯಲ್ಲಿ ಒಡ್ಡುವ ವಸ್ತು. ಆದರೆ ಆ ಪದದ ಮೂಲ ಅರ್ಥ ಮಾಂಸ, ಅದರಿಂದಲೇ ಸಸ್ಯಾಹಾರಕ್ಕೆ ನಿರಾಮಿಷ ಎಂಬ ಹೆಸರು ಬಂತು ಎಂದು ಮಾಸ್ತರು ಮೂವತ್ನಾಲ್ಕು ವರ್ಷ ಹತ್ತನೆಯ ತರಗತಿಗೆ ಹೇಳಿಕೊಟ್ಟಿದ್ದರು. ಊರಿನಿಂದ ಹೊತ್ತು ತಂದ ನಿಘಂಟನ್ನು ತೆಗೆದು ನೋಡಿದರು. ನಿಘಂಟು ಅವರ ಪರವಾಗಿಯೇ ಇತ್ತು. ಹುಡುಗಿಗೆ ‘ಮಾಂಸ’ ಎಂಬ ಒರಟು ಶಬ್ದ ಬರೆಯಲು ನಾಚಿಕೆಯಾಗಿ ಸಂಸ್ಕೃತದ ಮರೆ ಹುಡುಕಿದ್ದಾಳೆ ಎಂದು ಅವರಿಗೆ ತೋರಿತು. ಆ ಮಟ್ಟಿಗೆ ಮೊಮ್ಮಗಳ ಶಬ್ದಸಂಪತ್ತಿನ ಬಗ್ಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಆಮೇಲೆ ‘ಅಜ್ಜಿಗೆ ಸರ್ಪ್ರೈಸ್’ ಎಂಬ ಸಾಲನ್ನು ಮತ್ತೊಮ್ಮೆ ಓದಿದರು. ಕೊರಳಿನಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಕೈ ಹೋಯಿತು.

ಗುರುವಾರ ಸಂಜೆಯ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ ಇತ್ತು. ರೊಟ್ಟಿ ಬಡಿದವಳು ಬಸವಣ್ಣೆವ್ವ. ತಟ್ಟೆಗೆ ಎರಡನೆಯ ರೊಟ್ಟಿ ಬಿದ್ದಾಗ ಸೋಮಲಿಂಗಪ್ಪನವರು ಬಾಯಿ ತೆರೆದರು.

“ಕಲ್ಮೇಶಾ, ಐದನೇ ದಿನಾ, ಆರನೇ ದಿನಾ ನಾವಿಬ್ರೂ ಬರಂಗಿಲ್ಲ.”

“ಯಾಕ್ರೀ ಅಪ್ಪಾ?”

“ಅದನ್ನ ನನ್ನ ಬಾಯಿಲೆ ಹೇಳಸಬ್ಯಾಡ. ಊಟದ ಮುಂದ ಕುಂತೀವಿ.”

“ಹಂಗಂದ್ರ?”

“ನನ್ನ ಕೊರಳಾಗ ಲಿಂಗ ಐತಿ. ನಿಂದು ಎಲ್ಲೈತಿ ಅಂತ ನಾ ಕೇಳಂಗಿಲ್ಲ. ನೀ ದೊಡ್ಡಾಂವ ಆಗೀದಿ, ನಿನ್ನ ಮನಿ, ನಿನ್ನ ದೇಶ. ಆದ್ರ ನಿಮ್ಮವ್ವನ್ನ ಕರಕೊಂಡು ಹೋಗಿ ಅಂಥಾ ತಾಟಿನ ಮುಂದ ಕೂಡ್ಸಾಕ ನಾ ಬಿಡಂಗಿಲ್ಲ.”

ಕಲ್ಮೇಶನ ಕೈಯಲ್ಲಿದ್ದ ರೊಟ್ಟಿಯ ತುಂಡು ಚಟ್ನಿಯಲ್ಲೇ ನಿಂತಿತು. ಅವನ ಲಿಂಗ ಸಾಕ್ಸಿನ ಡ್ರಾಯರಿನಲ್ಲಿತ್ತು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಹನ್ನೊಂದು ವರ್ಷದಿಂದ ಅವನು ಆಫೀಸಿನ ಮಧ್ಯಾಹ್ನದ ಊಟಕ್ಕೆ ಕೋಳಿ ತಿನ್ನುತ್ತಿದ್ದ. ಸ್ವಪ್ನಾಗೆ ಗೊತ್ತಿತ್ತು. ತೇಜುಗೆ ಗೊತ್ತಿತ್ತು, ಅವಳೂ ತಿನ್ನುತ್ತಿದ್ದಳು. ಗೊತ್ತಾಗಬಾರದಾಗಿದ್ದ ಒಬ್ಬರಿಗೆ ಗೊತ್ತಾಗಿದೆ ಎಂದು ಅವನು ತೀರ್ಮಾನಿಸಿದ. ಇಂಥ ವಿಷಯಗಳಲ್ಲಿ ತಪ್ಪಿತಸ್ಥನಿಗೆ ಪುರಾವೆಯ ಅಗತ್ಯ ಬೀಳುವುದಿಲ್ಲ. ಆಮಿಶ್ ಮನೆಯ ಊಟದಲ್ಲಿ ಕರಿದ ಕೋಳಿ ಬಡಿಸುತ್ತಾರೆ ಎಂದು ಅಪ್ಪ ಎಲ್ಲೋ ಓದಿದ್ದಾರೆ, ಅದರ ಜೊತೆ ಇದನ್ನೂ ಹೇಗೋ ಹಿಡಿದಿದ್ದಾರೆ.

“ಆತ್ರೀ ಅಪ್ಪಾ,” ಎಂದ. “ಅವೆರಡು ದಿನಾ ತಗದ ಬಿಡ್ತೀನಿ.”

“ವಾಟ್?” ಎಂದಳು ತೇಜು. “ಡ್ಯಾಡ್, ದಟ್ ವಾಸ್ ದ ಹೋಲ್ ಪಾಯಿಂಟ್.”

“ತೇಜೂ, ಊಟ ಮಾಡು.”

ಬಸವಣ್ಣೆವ್ವ ಮೂರನೆಯ ರೊಟ್ಟಿ ತಂದು ಗಂಡನ ತಟ್ಟೆಗೆ ಹಾಕಿದಳು.

ಮರುದಿನ ಬೆಳಿಗ್ಗೆ ಸ್ವಪ್ನಾ ಟಕ್ವಿಲಾದ ಆಫೀಸಿಗೆ ಹೊರಡುವ ಮೊದಲು ಗ್ಯಾರೇಜಿನಲ್ಲಿ ಗಂಡನನ್ನು ಹಿಡಿದಳು. ಬೆಂಗಳೂರಿನಲ್ಲಿ ಬೆಳೆದ ಅವಳಿಗೆ ಈ ಮನೆಯವರ ಮೌನಗಳ ವ್ಯಾಕರಣ ಹದಿನಾರು ವರ್ಷವಾದರೂ ತಲೆಗೆ ಹತ್ತಿರಲಿಲ್ಲ.

“ಅತ್ತೆಗೋಸ್ಕರ ತಾನೇ ಹೊರಟಿದ್ದು ನಾವು? ಅದನ್ನೇ ತೆಗೆದ್ರೆ ಏನು ಉಳಿಯತ್ತೆ?”

“ಅಪ್ಪಂಗೆ ಗೊತ್ತಾಗಿದೆ ಸ್ವಪ್ನಾ. ಚಿಕನ್ ವಿಷಯ.”

“ಯಾರು ಹೇಳಿದ್ರು?”

“ಯಾರೋ ಹೇಳಿರ್ತಾರೆ. ಲಿಂಗ ಎಲ್ಲಿದೆ ಅಂದ್ರಲ್ಲ, ನೀನೂ ಕೇಳಿದೆಯಲ್ಲ.”

“ಸರಿ, ಗೊತ್ತಾಯ್ತು. ಬೈಸ್ಕೊಳ್ಳಿ. ಒಂದು ದಿನ ಬೈತಾರೆ, ಆಮೇಲೆ ಹೋಗೋಣ. ನಾನೇ ಮಾವನ ಹತ್ರ ಮಾತಾಡ್ತೀನಿ.”

“ಬೇಡ. ಅವರು ನನ್ನ ಮಾನ ಉಳಿಸೋಕೆ ಬಾಯಿ ಬಿಟ್ಟು ಹೇಳಿಲ್ಲ. ನೀನು ಹೋಗಿ ಎಬ್ಬಿಸಬೇಡ.”

“ನಿಮ್ಮ ಮಾನ ಉಳಿಸೋಕೆ ಅತ್ತೆಯ ಕುದುರೆ ಹೋಯ್ತು,” ಎಂದು ಸ್ವಪ್ನಾ ಕಾರು ಹಿಂದಕ್ಕೆ ತೆಗೆದಳು.

ಆದರೂ ಅವಳು ಮಾವನನ್ನು ಕೇಳಲಿಲ್ಲ. ಹದಿನಾರು ವರ್ಷದಲ್ಲಿ ಗಂಡನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೊಂದೇ ಸಲ.

ಈ ನಡುವೆ ಬಸವಣ್ಣೆವ್ವ ಗುಟ್ಟನ್ನು ಎರಡು ವಾರ ಕಾಪಾಡಿ, ಒಂದು ಮಧ್ಯಾಹ್ನ ಗಂಡನೊಡನೆ ಅವರೆಕಾಯಿ ಸುಲಿಯುವಾಗ ಬಿಟ್ಟುಕೊಟ್ಟಳು. ಊರಿನವರೆಲ್ಲ ಕರೆದಂತೆ ಅವಳೂ ಗಂಡನನ್ನು ಮಾಸ್ತರ ಎಂದೇ ಕರೆಯುತ್ತಿದ್ದಳು.

“ಮಾಸ್ತರ, ನಾವು ಟಾಂಗಾ ಹತ್ತಾಕ ಹೊಂಟೀವಿ. ಯಾರಿಗೂ ಹೇಳಬ್ಯಾಡ್ರಿ.”

“ಹೌದೇನು. ಎಲ್ಲಿ ಐತಿ ಟಾಂಗಾ?”

“ಆ ಡಬ್ಬ್ಯಾಗ ತೋರಿಸಿದ್ಲು ತೇಜು. ಕರೀ ಟಾಂಗಾ. ಗಡ್ಡದಾಂವ ಹೊಡೀತಾನ.”

“ನಿಮ್ಮಪ್ಪಗ ಗಡ್ಡ ಎಲ್ಲಿತ್ತು?”

“ನಮ್ಮಪ್ಪ ಅಲ್ರೀ. ಇಲ್ಲ್ಯಾಂವ. ಈ ದೇಶದಾಂವ.”

“ಆತು, ಹೋಗೂಣು,” ಎಂದರು ಸೋಮಲಿಂಗಪ್ಪನವರು, ಎಷ್ಟು ಮೃದುವಾಗಿ ಸಾಧ್ಯವೋ ಅಷ್ಟು ಮೃದುವಾಗಿ. ಮರೆವಿನವರ ಜೊತೆ ವಾದ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಅಮೆರಿಕದಲ್ಲಿ ಟಾಂಗಾ ಎಂದರೆ ಯಾವ ಗಂಡ ನಂಬುತ್ತಾನೆ? ಅವರು ಸಿಪ್ಪೆಗಳನ್ನು ಕೂಡಿಸಿ ಕಾಂಪೋಸ್ಟಿನ ಡಬ್ಬಿಗೆ ಹಾಕಿ ಬಂದರು. ಅವಳು ಮತ್ತೆ ಮತ್ತೆ ಹೇಳಿದಳು, ಏಪ್ರಿಲ್‌ನಲ್ಲಿ, ಮೇ ತಿಂಗಳಲ್ಲಿ. ಅವರು ಪ್ರತಿ ಸಲವೂ ‘ಆತು, ಹೋಗೂಣು’ ಎಂದರು. ಆ ಮನೆಯಲ್ಲಿ ಐದನೆಯ ದಿನದ ಬಗ್ಗೆ ಸತ್ಯ ಹೇಳುತ್ತಿದ್ದವಳು ಅವಳೊಬ್ಬಳೇ.

ಫ್ರಿಜ್ಜಿನ ಮೇಲೆ ಹೊಸ ಹಾಳೆ ಬಂತು. ಐದನೆಯ ದಿನ ನೀರಿನ ಪಾರ್ಕು, ಆರನೆಯ ದಿನ ಮತ್ತೊಂದು ನೀರಿನ ಪಾರ್ಕು. ಸೋಮಲಿಂಗಪ್ಪನವರು ಅದನ್ನೂ ಓದಿದರು. “ನೀರಾಗ ಜಿಗಿಯಾಕ ನಾವು ಯಾಕ ಬೇಕು? ನೀವು ಹೋಗಿಬರ್ರಿ,” ಎಂದರು. ಅತ್ತೆಯನ್ನು ಮಾವ ಒಬ್ಬರ ಮೇಲೇ ಬಿಟ್ಟು ಹೋಗಲು ಬರುವುದಿಲ್ಲ ಎಂದು ಸ್ವಪ್ನಾ ತಾನೂ ಉಳಿದಳು. ಐದು ಟಿಕೆಟು ಎರಡಾಯಿತು.

ಮೇ ತಿಂಗಳ ಒಂದು ಶನಿವಾರ, ಗುಡ್ಡಗಳೆಲ್ಲ ಸ್ವಚ್ಛವಾಗಿ ಕಾಣುತ್ತಿದ್ದ ದಿನ, ಸ್ವಪ್ನಾ ತನ್ನಿಂದಾದದ್ದು ಮಾಡಿದಳು. ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ರೆಡ್ಮಂಡಿನ ಹೊರಗಿನ ಒಂದು ತೋಟಕ್ಕೆ ಹೋದಳು. ಅಲ್ಲಿ ಬೇಲಿಯಾಚೆ ನಾಲ್ಕು ಕುದುರೆಗಳಿದ್ದವು, ಬಾಚಿದ ಕೂದಲು, ಹೊಳೆಯುವ ಮೈ.

“ನೋಡಿ ಅತ್ತೆ, ಕುದುರೆ.”

ಬಸವಣ್ಣೆವ್ವ ಬೇಲಿಗೆ ಕೈಯಿಟ್ಟು ಸಾಕಷ್ಟು ಹೊತ್ತು ನೋಡಿದಳು. “ಗಾಡಿ ಎಲ್ಲೈತಿ?”

“ಗಾಡಿ ಇಲ್ಲ. ಇವು ಹೀಗೇ ಇರ್ತವೆ.”

“ಏನ ಕೆಲಸ ಮಾಡ್ತಾವ?”

“ಏನೂ ಇಲ್ಲ. ಮಕ್ಕಳು ಕೂತ್ಕೋತಾರೆ.”

“ಪಾಪ,” ಎಂದಳು ಬಸವಣ್ಣೆವ್ವ. ಜೇಬಿಗೆ ಕೈ ಹಾಕಿ ಬೆಲ್ಲದ ಚೂರು ಇದೆಯೆಂದು ಮುಟ್ಟಿ ನೋಡಿಕೊಂಡಳು, ಹೊರಗೆ ತೆಗೆಯಲಿಲ್ಲ. “ಇವಕ್ಕಲ್ಲ ಇದು. ದುಡಿದು ಬಂದದ್ದಕ್ಕ ಕೊಡಬೇಕು.”

ಮನೆಗೆ ಬಂದವಳೇ ತೇಜು ಶೂ ಕಳಚದೆ ಅಜ್ಜನ ಎದುರು ನಿಂತಳು. ಸಿಟ್ಟು ಬಂದಾಗ ಅವಳಿಗೆ ಕನ್ನಡ ಬರುತ್ತಿತ್ತು.

“ಅಜ್ಜಾ, ನೀವು ಯಾಕೆ ಬೇಡ ಅಂದ್ರಿ? ಅಜ್ಜಿ ಸ್ಯಾಡ್ ಇದಾಳೆ.”

“ನಿನಗ ತಿಳಿಯಂಗಿಲ್ಲವ್ವಾ. ದೊಡ್ಡಾಕಿ ಆದಮ್ಯಾಲೆ ತಿಳಿತೈತಿ.”

“ಇಟ್ಸ್ ಮೀನ್. ನೀವು ಮೀನ್.”

‘ಮೀನ್’ ಎಂಬುದು ಮಾಸ್ತರ ಕಿವಿಗೆ ಹೇಗೆ ಬಿತ್ತು ಎಂದು ಹೇಳಬೇಕಾಗಿಲ್ಲ. ಮಾಂಸದಿಂದ ಮೀನಿಗೆ ಬಂದಿದೆ ಈ ಸಂತತಿ ಎಂದುಕೊಂಡು ಅವರು ಎದ್ದು ತಮ್ಮ ಕೋಣೆಗೆ ಹೋದರು.

ಜೂನ್ ತಿಂಗಳಲ್ಲಿ ರೊಟ್ಟಿಗಳು ದಪ್ಪವಾದವು. ಆಮೇಲೆ ಒಂದು ಸಂಜೆ ಸ್ವಪ್ನಾ ಅಡುಗೆಮನೆಗೆ ಬಂದಾಗ, ಬಸವಣ್ಣೆವ್ವ ಒಂಬತ್ತು ರೊಟ್ಟಿ ಬಡಿದು ಒಂದರ ಮೇಲೊಂದು ಹಸಿಯಾಗಿಯೇ ಪೇರಿಸಿಟ್ಟಿದ್ದಳು. ಒಲೆ ಹಚ್ಚಿರಲಿಲ್ಲ. ಸ್ವಪ್ನಾ ಅಂಟಿಕೊಂಡ ಹಿಟ್ಟನ್ನೆಲ್ಲ ಮತ್ತೆ ನಾದಿ, ತನಗೆ ಬಂದಂತೆ ಬಡಿದು, ಬೇಯಿಸಿ ತಟ್ಟೆಗೆ ಹಾಕಿದಳು.

“ಇವತ್ತಿನ ರೊಟ್ಟಿ ಇಂಡಿಯಾ ನಕಾಶಿ ಆಗೇತಿ,” ಎಂದರು ಸೋಮಲಿಂಗಪ್ಪನವರು.

“ನಾನು ಬಡಿದಿದ್ದು, ಮಾವ.”

ಅವರು ಸೊಸೆಯ ಮುಖ ನೋಡಿದರು, ಹೆಂಡತಿಯ ಕೈ ನೋಡಿದರು, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದರು. ಬಟ್ಟೆ ಮಶೀನಿಗೆ ಹಾಕುವ ಮೊದಲು ಅತ್ತೆಯ ಸ್ವೆಟರಿನ ಜೇಬು ನೋಡುವುದು ಅಷ್ಟರಲ್ಲಿ ಸ್ವಪ್ನಾಗೆ ರೂಢಿಯಾಗಿತ್ತು. ಬೆಲ್ಲ ತೆಗೆದು ಕಿಟಕಿಯ ಕಟ್ಟೆಯ ಮೇಲಿಡುವುದು, ಒಗೆದ ಸ್ವೆಟರು ಒಣಗಿದ ಮೇಲೆ ಮತ್ತೆ ಜೇಬಿಗೆ ಹಾಕುವುದು.

ಜುಲೈಯಲ್ಲಿ ಅಪ್ಪ ಮಗಳು ಹೋಗಿ ಬಂದರು. ತೇಜು ಇಪ್ಪತ್ತೆರಡು ರೋಲರ್ ಕೋಸ್ಟರ್ ಹತ್ತಿದಳು. ಕಲ್ಮೇಶ ಎರಡು ಹತ್ತಿ, ಉಳಿದದ್ದಕ್ಕೆ ಬ್ಯಾಗು ಹಿಡಿದು ಕೆಳಗೆ ನಿಂತ. ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ, ಹೆದ್ದಾರಿಯ ಅಂಚಿನಲ್ಲಿ ಒಂದು ಕಪ್ಪು ಬಗ್ಗಿ ಹೋಗುತ್ತಿತ್ತು. ತೇಜು ಫೋನ್ ತೆಗೆಯುವಷ್ಟರಲ್ಲಿ ವ್ಯಾನು ಮುಂದೆ ಹೋಗಿಬಿಟ್ಟಿತ್ತು.

“ತಿರುಗಿಸ್ಲಾ?” ಎಂದ ಕಲ್ಮೇಶ.

“ಫಾರ್ ವಾಟ್,” ಎಂದಳು ತೇಜು.

ಆಗಸ್ಟ್ ಕೊನೆಯಲ್ಲಿ ಕನ್ನಡ ತರಗತಿ ಮತ್ತೆ ಶುರುವಾಯಿತು. ವಸಂತಲಕ್ಷ್ಮಿ ಟೀಚರ್ ‘ನನ್ನ ಬೇಸಿಗೆ ರಜೆ’ ಎಂದು ಬರೆಯಲು ಹೇಳಿದರು. ಕೊಡುವ ಮೊದಲು ಮನೆಯ ಹಿರಿಯರಿಂದ ತಿದ್ದಿಸಿಕೊಂಡು ಬರಬೇಕು. ಅಜ್ಜ ಮೊಮ್ಮಗಳ ನಡುವೆ ಮೇ ತಿಂಗಳಿಂದ ಅಷ್ಟಕ್ಕಷ್ಟೇ ಇತ್ತು. ತೇಜು ಹಾಳೆಯನ್ನು ಊಟದ ಮೇಜಿನ ಮೇಲೆ ಅಜ್ಜನ ಕಡೆಗೆ ತಳ್ಳಿ, ಸೀರಿಯಲ್ ತಿನ್ನಲು ಕೂತಳು. ಸೋಮಲಿಂಗಪ್ಪನವರು ಕೆಂಪು ಪೆನ್ನು ತೆಗೆದರು.

‘ನಾನು ಮತ್ತು ಅಪ್ಪ ಪಾರ್ಕಿಗೆ ಹೋದೆವು. ರೋಲರ್ ಕೋಸ್ಟರ್ ಚೆನ್ನಾಗಿ ಇತ್ತು. ನಾವು ಆಮಿಷ ಊರಿಗೆ ಹೋಗಲಿಲ್ಲ. ಆಮಿಷ ಜನ ಕಾರು ಓಡಿಸುವುದಿಲ್ಲ. ಅವರ ಮನೆಯಲ್ಲಿ ಕರೆಂಟು ಇಲ್ಲ. ಅವರು ಕುದುರೆ ಗಾಡಿ ಓಡಿಸುತ್ತಾರೆ. ನನ್ನ ಅಜ್ಜಿಯ ಅಪ್ಪನಿಗೆ ಕುದುರೆ ಗಾಡಿ ಇತ್ತು. ಅಜ್ಜಿ ಕುದುರೆಗೆ ಬೆಲ್ಲ ಇಟ್ಟಿದ್ದಾಳೆ. ಅಜ್ಜ ಬೇಡ ಎಂದರು. ಯಾಕೆ ಎಂದು ಗೊತ್ತಿಲ್ಲ.’

‘ಚೆನ್ನಾಗಿ ಇತ್ತು’ ಎಂಬುದನ್ನು ಕೂಡಿಸಿ ‘ಚೆನ್ನಾಗಿತ್ತು’ ಮಾಡಿದ ಪೆನ್ನು, ನಾಲ್ಕನೆಯ ವಾಕ್ಯದ ಮೇಲೆ ನಿಂತಿತು.

“ತೇಜೂ, ಆಮಿಷ ಜನ ಅಂದ್ರ ಯಾರು?”

“ಆಮಿಶ್, ಅಜ್ಜಾ. ಒಂಥರಾ ಕ್ರಿಶ್ಚಿಯನ್ ಜನ. ಓಲ್ಡ್ ಟೈಮ್ ಥರ ಇರ್ತಾರೆ.”

“ಇನ್ನೊಮ್ಮೆ ಹೇಳು.”

“ಆಮಿಶ್.”

“ಕೊನೀಗೆ ಅಕಾರ ಇಲ್ಲೇನು?”

“ನೋ. ಆಮಿಶ್. ಹೀಗೆ.” ಅವಳು ಫೋನಿನಲ್ಲಿ ಅದೇ ಹಳೆಯ ವಿಡಿಯೋ ತೆರೆದು ಮೇಜಿನ ಮೇಲಿಟ್ಟಳು. ಹೊಲದ ನಡುವಿನ ರಸ್ತೆ, ಕಪ್ಪು ಗಾಡಿ, ಕಂದು ಕುದುರೆ, ಗಡ್ಡದವನು.

ಸೋಮಲಿಂಗಪ್ಪನವರು ವಿಡಿಯೋ ಮುಗಿಯುವವರೆಗೂ ನೋಡಿದರು. ಆಮೇಲೆ ಕೆಂಪು ಪೆನ್ನಿನಿಂದ ‘ಆಮಿಷ’ ಎಂಬುದನ್ನು ಎರಡೂ ಕಡೆ ಹೊಡೆದು, ಮೇಲೆ ‘ಆಮಿಶ್’ ಎಂದು ಬರೆದರು. “ಅರ್ಧಾಕ್ಷರ ಬಿಟ್ಟೀದವ್ವಾ,” ಎಂದರು.

ಅವರು ಎದ್ದು ಹಿತ್ತಲಿಗೆ ಹೋದರು. ಬಸವಣ್ಣೆವ್ವ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

“ಏ, ಕೇಳಿಲ್ಲೆ. ಟಾಂಗಾ ಖರೇನ ಐತಿ.”

“ನಾ ಹೇಳಿದ್ನೆಲ್ಲ, ಮಾಸ್ತರ,” ಎಂದಳು ಬಸವಣ್ಣೆವ್ವ.

ಆ ಸಂಜೆ ಕಲ್ಮೇಶ ಕೆಲಸದಿಂದ ಬಂದು ಲ್ಯಾಪ್‌ಟಾಪಿನ ಚೀಲ ಇಳಿಸುವ ಮೊದಲೇ ಅಪ್ಪ ಮಾತು ತೆಗೆದರು. ಫ್ರಿಜ್ಜಿನ ಹಾಳೆ, ನಿಘಂಟು, ಊಟ, ಮನೆ, ಸಂತೆ, ಒಂದನ್ನೂ ಬಿಡದೆ ಹೇಳಿದರು. ಕಲ್ಮೇಶ ಕುರ್ಚಿ ಎಳೆದುಕೊಂಡು ಕೂತ.

“ಮತ್ತ ಅವತ್ತ ಒಂದು ಮಾತು ಕೇಳಬಾರದಾಗಿತ್ತೇನ್ರೀ ಅಪ್ಪಾ?”

“ನೀ ಹೇಳಬಾರದಾಗಿತ್ತೇನು? ಬರಂಗಿಲ್ಲ ಅಂದ್ರ ಆತು ಅಂದಿ. ನಿಂದು ತಪ್ಪಿಲ್ಲಂದ್ರ ಯಾಕ ಆತು ಅಂದಿ?”

“ನಾ ಕೋಳಿ ತಿಂತೀನಂತ ನಿಮಗ ಗೊತ್ತಾಗೇತಿ ಅಂತ ತಿಳಕೊಂಡಿದ್ದೆ.”

ಸ್ವಪ್ನಾ ಸಿಂಕಿನ ನಲ್ಲಿ ನಿಲ್ಲಿಸಿದಳು.

“ನೀ ಕೋಳಿ ತಿಂತೀ?” ಎಂದರು ಸೋಮಲಿಂಗಪ್ಪನವರು.

ಮಾಸ್ತರು ಮಗನನ್ನು, ಆಮೇಲೆ ಸೊಸೆಯನ್ನು, ಆಮೇಲೆ ತನ್ನ ಬಟ್ಟಲಿನಲ್ಲಿ ಏನೋ ಹುಡುಕುತ್ತಿದ್ದ ಮೊಮ್ಮಗಳನ್ನು ನೋಡಿದರು. ಎಲ್ಲರಿಗೂ ಗೊತ್ತಿದ್ದದ್ದು ಅವರಿಗೂ ಗೊತ್ತಾಯಿತು.

“ಅದನ್ನ ಆಮ್ಯಾಲೆ ನೋಡೂಣು,” ಎಂದರು. “ಮೊದಲ ಟಿಕೆಟ್ ತಗಿ.”

ಅಕ್ಟೋಬರ್ ಮೊದಲ ವಾರಕ್ಕೆ ಐದು ಟಿಕೆಟು ಸಿಕ್ಕವು. ಮೂರನೆಯ ಹಾಳೆ ಫ್ರಿಜ್ಜಿಗೆ ಬಂತು. ಇದರಲ್ಲಿ ಪಾರ್ಕು ಇರಲಿಲ್ಲ. ಸೋಮಲಿಂಗಪ್ಪನವರೇ ಬರೆದರು. ಬಸವಣ್ಣೆವ್ವ ದಿನಾ ಅದರ ಮುಂದೆ ನಿಂತು, “ಇವತ್ತೇನು?” ಎಂದು ಕೇಳುತ್ತಿದ್ದಳು. “ಇನ್ನಾ ಇಪ್ಪತ್ತೆಂಟು ದಿನ,” ಎನ್ನುತ್ತಿದ್ದರು ಅವರು. “ಇನ್ನಾ ಇಪ್ಪತ್ತೇಳು.”

ಹತ್ತೊಂಬತ್ತು ದಿನ ಉಳಿದಿದ್ದಾಗ ಅವಳಿಗೆ ಜ್ವರ ಬಂತು. ಮೂತ್ರದ ಸೋಂಕು, ಈ ವಯಸ್ಸಿನವರಿಗೆ ಸಾಮಾನ್ಯ ಎಂದರು ಆಸ್ಪತ್ರೆಯಲ್ಲಿ. ಜ್ವರ ಐದು ದಿನದಲ್ಲಿ ಇಳಿಯಿತು. ಮನೆಗೆ ಬಂದವಳು ಬೇರೆ ಯಾರೋ ಎಂಬಂತೆ ಬಸವಣ್ಣೆವ್ವನ ಸೀರೆ ಉಟ್ಟು, ಬಸವಣ್ಣೆವ್ವನ ಸ್ವೆಟರು ಹಾಕಿಕೊಂಡು ಸೋಫಾದ ಮೇಲೆ ಕೂತಳು. ಸೊಸೆಯನ್ನು ಬೆಟ್ಟಮ್ಮ ಎಂದು ಕೂಡ ಕರೆಯಲಿಲ್ಲ. ಫ್ರಿಜ್ಜಿನ ಮುಂದೆ ಹೋಗಿ ನಿಲ್ಲಲಿಲ್ಲ. ತೇಜು ವಿಡಿಯೋ ಹಾಕಿದಳು. ಅಜ್ಜಿ ವಿಡಿಯೋ ನೋಡದೆ ಟ್ಯಾಬ್ಲೆಟ್ಟಿನ ನೀಲಿ ಕವರಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು.

“ಸೋಂಕಿನಿಂದ ಹೋದದ್ದು ಸ್ವಲ್ಪ ವಾಪಸ್ ಬರಬಹುದು,” ಎಂದರು ಡಾಕ್ಟರು. “ಬರದೆಯೂ ಇರಬಹುದು.”

“ಕ್ಯಾನ್ಸಲ್ ಮಾಡೋಣ್ವಾ?” ಎಂದ ಕಲ್ಮೇಶ.

“ಇನ್ನೊಂದು ಸಲ ಇದನ್ನ ಫ್ರಿಜ್ಜಿಂದ ತೆಗೆದ್ರೆ, ನಾನು ಈ ಮನೇಲಿ ಅಡುಗೆ ಮಾಡಲ್ಲ,” ಎಂದಳು ಸ್ವಪ್ನಾ.

ಹೋದರು. ಒಹಾಯೊದಲ್ಲಿ ಎಲೆಗಳು ಕೆಂಪಾಗಿದ್ದವು. ಒಂದು ಆಮಿಶ್ ಮನೆಯ ಉದ್ದನೆಯ ಮೇಜಿನ ಮೇಲೆ ಬ್ರೆಡ್ಡು, ಬೀನ್ಸು, ಅರೆದ ಆಲೂಗಡ್ಡೆ, ಮತ್ತು ದೊಡ್ಡ ತಟ್ಟೆಯ ತುಂಬ ಕರಿದ ಕೋಳಿ ಬಂತು. ಹಾಗೆ ನೋಡಿದರೆ ನಿಘಂಟು ಪೂರ್ತಿ ಸುಳ್ಳು ಹೇಳಿರಲಿಲ್ಲ. ಕಲ್ಮೇಶ ತಟ್ಟೆಯನ್ನು ಮುಟ್ಟದೆ ಮುಂದಕ್ಕೆ ಸರಿಸಿದ.

“ತಿನ್ನೂದಿದ್ರ ತಿನ್ನು,” ಎಂದರು ಸೋಮಲಿಂಗಪ್ಪನವರು, ಹೆಂಡತಿಯ ಬಾಯಿಗೆ ಆಲೂಗಡ್ಡೆಯ ಚಮಚ ಹಿಡಿಯುತ್ತ. “ಕದ್ದು ತಿನ್ನಬ್ಯಾಡ. ಕದ್ದು ತಿಂದದ್ದಕ್ಕ ಎಷ್ಟಾತು ನೋಡಿದೆಲ್ಲ.”

ಕಲ್ಮೇಶ ಬೀನ್ಸು ಹಾಕಿಸಿಕೊಂಡ.

ಊಟದ ನಂತರ ಮನೆಯ ಹಿಂದೆ ಬಗ್ಗಿ ಕಟ್ಟಿ ನಿಲ್ಲಿಸಿದ್ದರು. ಕುದುರೆ ಕಂದು ಬಣ್ಣದ್ದು, ಬೆಳಗಿನಿಂದ ಜನರನ್ನು ಹೊತ್ತು ತಿರುಗಿ ಬೆವರಿತ್ತು. ಗಾಡಿಯವನಿಗೆ ಬಿಳಿ ಗಡ್ಡ. ಅವನು ಬಸವಣ್ಣೆವ್ವನಿಗೆ ಕೈ ಕೊಟ್ಟು ಹತ್ತಿಸಲು ಬಂದ. ಸೋಮಲಿಂಗಪ್ಪನವರು ಅವಳನ್ನು ಮೊದಲು ಕುದುರೆಯ ಮುಖದ ಎದುರಿಗೆ ಕರೆದುಕೊಂಡು ಹೋದರು.

“ನೋಡು. ಟಾಂಗಾ. ದುಡಿದು ಬಂದೈತಿ.”

ಬಸವಣ್ಣೆವ್ವ ಕುದುರೆಯನ್ನು ನೋಡಿದಳು. ಕುದುರೆ ಮೂಗು ಚಾಚಿತು. ಅವಳು ಅರ್ಧ ಹೆಜ್ಜೆ ಹಿಂದಕ್ಕೆ ಸರಿದಳು.

“ಯಾರ ಮನೀಗೆ ಬಂದೀವಿ ನಾವು?” ಎಂದಳು.

“ಜೇಬಿನಾಗ ಏನೈತಿ ನೋಡು.”

ಅವಳು ನೋಡಲಿಲ್ಲ. ತೇಜು ಅಜ್ಜಿಯ ಸ್ವೆಟರಿನ ಜೇಬಿಗೆ ಕೈ ಹಾಕಿ, ಏಳು ತಿಂಗಳಿನಿಂದ ಹಳತಾದರೆ ಬದಲಾಗುತ್ತ ಅಲ್ಲೇ ಇದ್ದ ಬೆಲ್ಲವನ್ನು ತೆಗೆದು, ಅಜ್ಜಿಯ ಅಂಗೈ ಬಿಡಿಸಿ ಅದರ ಮೇಲಿಟ್ಟಳು. “ಅಜ್ಜಿ, ಸರದಾರನಿಗೆ ಕೊಡು,” ಎಂದಳು, ಕನ್ನಡದಲ್ಲಿ.

ಬಸವಣ್ಣೆವ್ವ ಅಂಗೈಯನ್ನು ನೋಡಿದಳು. ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಕಚ್ಚಿದಳು.

“ಸಿಹಿ ಐತಿ,” ಎಂದಳು. ಬಾಯಿಂದ ತೆಗೆದ ಅರ್ಧವನ್ನು ಪಕ್ಕದಲ್ಲಿ ನಿಂತಿದ್ದ ಗಂಡನಿಗೆ ಕೊಟ್ಟಳು. ಸೋಮಲಿಂಗಪ್ಪನವರು ಅದನ್ನು ತಿಂದರು.

ಸವಾರಿ ಇಪ್ಪತ್ತು ನಿಮಿಷದ್ದು ಎಂದು ಬೋರ್ಡಿನ ಮೇಲೆ ಬರೆದಿತ್ತು. ಹದಿನೆಂಟು ನಿಮಿಷಕ್ಕೆ ಮುಗಿಯಿತು. ಐವರೂ ಇಳಿದರು.